ಆರು ಸಲ ತೆಗೆದ ಕಳೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಇಪ್ಪತ್ತೇಳು ವರ್ಷ ಕೂತಿದ್ದ ಹೆಂಗಸಿಗೆ ಐವತ್ತೆರಡನೇ ವಯಸ್ಸಿನಲ್ಲಿ ಹೊಳೆ ಉಳಿಸುವ ಕೆಲಸ ಸಿಕ್ಕಿತು. ಅದು ಹೊಳೆಯ ಮೇಲಿನ ಪ್ರೀತಿಯಿಂದ ಸಿಕ್ಕಿದ್ದಲ್ಲ. ನಿಲ್ದಾಣದಲ್ಲಿ ದೊಡ್ಡದೊಂದು ಪರದೆ ತೂಗುಹಾಕಿದರು. ಯಾವ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ ಎನ್ನುವುದೆಲ್ಲ ಅದರಲ್ಲೇ ಬರತೊಡಗಿತು. ಅರ್ಧಕ್ಕರ್ಧ ತಪ್ಪಾಗಿ ಬರುತ್ತಿತ್ತು, ಆದರೆ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು. ಒಂದು ತಿಂಗಳಾದ ಮೇಲೆ ಕಿಟಕಿಗೆ ಹಲಗೆ ಹೊಡೆದು, ಆಕೆಯ ಕೈಗೊಂದು ಹೂವಿನ ಗುಚ್ಛ ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಇದ್ದವರು ಮೂರೇ ಜನ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಗಂಡ, ಕಿವಿ ಮಂದವಾಗಿದ್ದರೂ ಬಾಯಿ ಚುರುಕಾಗಿದ್ದ ಅತ್ತೆ, ಮತ್ತು ಈಕೆ. ಹದಿನೈದು ದಿನ ಕಳೆಯುವುದರೊಳಗೆ ಅತ್ತೆಗೆ ಸಾಕಾಗಿಹೋಯಿತು.

"ನೀನು ಕಿಟಕಿ ಹತ್ರ ಹೀಗೆ ಕೂತಿದ್ರೆ ಬೀದಿಯವರೆಲ್ಲ ಬಂದು ಟೈಮ್ ಕೇಳ್ತಾರೆ. ಎಲ್ಲಾದ್ರೂ ಹೋಗಿ ಏನಾದ್ರೂ ಮಾಡಮ್ಮ," ಎಂದರು.

ಅದೇ ವಾರ ಒಂದು ಸಣ್ಣ ಸಂಸ್ಥೆಯ ನಿರ್ದೇಶಕರು ಮನೆ ಹುಡುಕಿಕೊಂಡು ಬಂದರು. ಊರಿನ ಒಂದು ಬದಿಯಲ್ಲಿ ಒಂಬತ್ತು ಕಿಲೋಮೀಟರ್ ಹರಿಯುವ ಹೊಳೆಯೊಂದಿತ್ತು. ಹೊಳೆ ಎನ್ನಲು ಸಣ್ಣದು, ಚರಂಡಿ ಎನ್ನಲು ಮನಸ್ಸು ಬಾರದು. ಅದರ ದಡದ ಉದ್ದಕ್ಕೂ ಏಳು ಗುಂಪುಗಳು ತಮ್ಮ ತಮ್ಮ ಜಾಗವನ್ನು ತಾವೇ ನೋಡಿಕೊಳ್ಳುತ್ತಿದ್ದವು. ಬೆಳಗಿನ ವಾಯುವಿಹಾರದವರದೊಂದು ಗುಂಪು, ಮೀನು ಹಿಡಿಯುವವರದೊಂದು, ಕಪ್ಪೆ ಎಣಿಸುವ ಕಾಲೇಜಿನವರದೊಂದು, ಹೀಗೆ. ಅವರ ನಡುವೆ ಓಡಾಡಿಕೊಂಡಿರಲು ಒಬ್ಬರು ಬೇಕಾಗಿದ್ದರು. ಹಿಂದೆ ಆ ಕೆಲಸದಲ್ಲಿದ್ದ ಇಬ್ಬರೂ ಭಾಷಣ ಮಾಡಿ ಮಾಡಿ ಜನರನ್ನು ಓಡಿಸಿದ್ದರು.

"ಹತ್ತು ವರ್ಷದ ಹಿಂದೆ ನಾನು ನಿಮ್ಮ ಕಿಟಕಿಗೆ ಬಂದು ನಾಲ್ಕೂವರೆ ಬಸ್ ಯಾವಾಗ ಬರುತ್ತೆ ಅಂತ ಕೇಳಿದ್ದೆ," ಎಂದರು ನಿರ್ದೇಶಕರು. "ನೀವು, ಆ ಬಸ್ ಬರಲ್ಲ, ಕಾಯ್ಬೇಡಿ ಅಂದ್ರಿ. ಅಲ್ಲಿದ್ದ ಬೇರೆಯವರೆಲ್ಲ ಈಗ ಬರುತ್ತೆ, ಈಗ ಬರುತ್ತೆ ಅಂತ ನನ್ನ ಎರಡು ಗಂಟೆ ಕೂರಿಸಿದ್ರು. ಅವತ್ತಿಂದ ನಿಮ್ಮನ್ನ ನೆನಪಿಟ್ಕೊಂಡಿದೀನಿ."

"ಆ ಬಸ್ ಈಗ್ಲೂ ಬರಲ್ಲ," ಎಂದರು ಆಕೆ.

ನೇಮಕದ ಕಾಗದದಲ್ಲಿ 'ಸಮುದಾಯ ಗುಂಪುಗಳ ಸಮನ್ವಯ ಮತ್ತು ಬೆಂಬಲ' ಎಂದು ಬರೆದಿತ್ತು. ಗಂಡ ಅದನ್ನು ದೀಪದ ಕೆಳಗೆ ಹಿಡಿದು, ಎರಡು ಸಲ ಓದಿ ಮಡಿಸಿಟ್ಟರು. ಅತ್ತೆ ಮಾತ್ರ ಬಿಡಲಿಲ್ಲ.

"ಸಮನ್ವಯ ಅಂದ್ರೆ ಏನೇ?"

"ಗೊತ್ತಿಲ್ಲ ಅತ್ತೆ. ಸೋಮವಾರದಿಂದ ಹೋಗ್ಬೇಕು."

ಗೊತ್ತಿಲ್ಲ ಎಂದು ಹೇಳಲು ಆಕೆಗೆ ಯಾವತ್ತೂ ಕಷ್ಟವಾದದ್ದಿಲ್ಲ. ವಿಚಾರಣೆ ಕಿಟಕಿ ಕಲಿಸಿದ ಪಾಠಗಳು ಮೂರು. ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದಕ್ಕೆ ಕೊಡಬೇಡ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಈ ಮೂರರ ಬಲದ ಮೇಲೆ ಸಾವಿರಾರು ಜನರ ಬೈಗುಳವನ್ನು ಗಾಜಿನ ಒಂದು ತೂತಿನ ಮೂಲಕ ಕೇಳಿಸಿಕೊಂಡಿದ್ದರು. ಆದರೆ ಗಾಜಿಲ್ಲದೆ ಜನರೆದುರು ನಿಂತು ಅಭ್ಯಾಸವಿರಲಿಲ್ಲ. ಮೊದಲ ಸಭೆಯಲ್ಲಿ ಎಲ್ಲರೂ ವೃತ್ತವಾಗಿ ಕೂತಿದ್ದರೆ ಈಕೆ ಮೂಲೆಯಲ್ಲಿದ್ದ ಮೇಜನ್ನು ದರದರ ಎಳೆದು ತಂದು ಮುಂದಿಟ್ಟುಕೊಂಡೇ ಕೂತರು. ಗಾಜಿಲ್ಲದಿದ್ದರೆ ಮೇಜಾದರೂ ಇರಲಿ ಎಂದು ಹಾಗೆ ಮಾಡಿದ್ದು. ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವತ್ತೇ ಯಾರೋ 'ವಿಚಾರಣೆ ಅಕ್ಕ' ಎಂದು ಹೆಸರಿಟ್ಟರು. ಅಕ್ಕನಿಗೆ ಆ ಹೆಸರು ಇಷ್ಟವಾಗಲಿಲ್ಲ. ಆದರೆ ಇಷ್ಟವಾಯಿತೇ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಹೇಳಲೂ ಇಲ್ಲ.

ಸಮನ್ವಯ ಎಂದರೆ ಏನೆಂದು ಮೂರು ತಿಂಗಳಲ್ಲಿ ಅರ್ಥವಾಯಿತು. ಒಂದನೇ ಗುಂಪಿನ ಹತ್ತಿರ ಉದ್ದ ಕೋಲಿನ ಕೊಕ್ಕೆಗಳು ಎಂಟಿವೆ, ಮೂರನೇ ಗುಂಪಿನ ಹತ್ತಿರ ಒಂದೂ ಇಲ್ಲ ಎಂದು ತಿಳಿದಿರುವುದು. ಸಭೆ ನಡೆಯುವ ಕೋಣೆಯ ಬೀಗದ ಕೈ ಯಾರ ಮನೆಯಲ್ಲಿದೆ, ಆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ತಿಳಿದಿರುವುದು. ಕಸದ ಲಾರಿ ಹನ್ನೊಂದಕ್ಕೆ ಬರುತ್ತದೆ ಎಂದು ಒಬ್ಬರಿಗೆ ಹೇಳುವುದು, ಬರುವುದಿಲ್ಲ ಎಂದು ಗೊತ್ತಾದರೆ ಅದನ್ನೂ ಹೇಳುವುದು. ಫೋಟೋದಲ್ಲಿ ಮುಂದೆ ನಿಲ್ಲುವುದು ಯಾರು ಎಂಬ ಜಗಳ ಮುಗಿಯುವ ತನಕ ಕೈಚೀಲ ಹಿಡಿದು ಕಾಯುವುದು. ಗುಂಪುಗಳಿಗೆ ಬುದ್ಧಿ ಹೇಳುವವರು ಬೇಕಾಗಿರಲಿಲ್ಲ, ಬುದ್ಧಿ ಅವರಲ್ಲೇ ಬೇಕಾದಷ್ಟಿತ್ತು. ಅವರಿಗೆ ಬೇಕಾಗಿದ್ದದ್ದು ಹದಿನಾಲ್ಕು ಜೊತೆ ಕೈಗವಸು ಮತ್ತು ಫೋನ್ ಮಾಡಿದರೆ ಎತ್ತುವ ಒಬ್ಬ ಮನುಷ್ಯ. ಅಕ್ಕ ಮೂರನೇ ರಿಂಗಿಗೆ ಎತ್ತುತ್ತಿದ್ದರು. ಮೊದಲನೆಯದಕ್ಕೇ ಎತ್ತಿದರೆ ಕೆಲಸವಿಲ್ಲದವಳು ಅಂದುಕೊಳ್ಳುತ್ತಾರೆ ಎಂಬುದು ಅತ್ತೆಯ ಸಲಹೆ.

ಆ ವರ್ಷ ಏಳೂ ಗುಂಪುಗಳಿಗೆ ಇದ್ದದ್ದು ಒಂದೇ ತಲೆನೋವು. ಅಂತರಗಂಗೆ ಎಂದು ಚಂದದ ಹೆಸರಿಟ್ಟುಕೊಂಡ ಕಳೆ ನೀರಿನ ಮೇಲೆ ಹಾಸಿಗೆಯಂತೆ ಹರಡಿಕೊಂಡಿತ್ತು. ಕೆಳಗೆ ನೀರಿದೆ ಎಂದು ಯಾರಾದರೂ ಆಣೆ ಮಾಡಿ ಹೇಳಬೇಕು, ಹಾಗಿತ್ತು. ನಿರ್ದೇಶಕರು ದೊಡ್ಡ ಅಭಿಯಾನ ಮಾಡೋಣ ಎಂದರು. ಭಾನುವಾರಕ್ಕೊಂದು ಗುಂಪು ತನ್ನ ಜಾಗದ ಕಳೆ ತೆಗೆಯಬೇಕು, ಸೋಮವಾರ ಫೋಟೋ ಮತ್ತು ಎಷ್ಟು ಟನ್ ಎಂಬ ಅಂದಾಜು ಕಳಿಸಬೇಕು. ಹೊಳೆಯ ಮೇಲಿನ ತುದಿಯಿಂದ ಶುರು: ಮೊದಲ ಭಾನುವಾರ ಮೊದಲ ಗುಂಪು, ಎರಡನೇ ಭಾನುವಾರ ಎರಡನೆಯದು.

ಮೊದಲ ಗುಂಪು ವಾಯುವಿಹಾರದವರದು. ಅದರ ಮುಖಂಡರು ನಿವೃತ್ತ ಡ್ರಿಲ್ ಮೇಷ್ಟ್ರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಕೊರಳಲ್ಲಿ ಸೀಟಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಅವರು ಬರೆದು ಕಳಿಸಿದರು: 'ಇಪ್ಪತ್ತೆಂಟು ಟನ್. ನೀರು ಕನ್ನಡಿಯಂತಾಗಿದೆ.' ಮುಂದಿನ ವಾರ ಎರಡನೇ ಗುಂಪು ಇಪ್ಪತ್ತೊಂಬತ್ತು ಟನ್ ಎಂದಿತು. ಮೂರನೆಯದು ಇಪ್ಪತ್ತೆಂಟು. ನಿರ್ದೇಶಕರು ಗೋಡೆಯ ಮೇಲೆ ನಕ್ಷೆ ಅಂಟಿಸಿ, ಮುಗಿದ ಜಾಗಗಳಿಗೆ ಹಸಿರು ಬಣ್ಣ ಹಚ್ಚುತ್ತ ಬಂದರು.

ನಾಲ್ಕನೇ ಸೋಮವಾರ ಅಕ್ಕ ಫೋಟೋಗಳನ್ನು ಕಡತಕ್ಕೆ ಹಾಕುತ್ತ ಕೂತಿದ್ದರು. ನಾಲ್ಕನೇ ಗುಂಪಿನ ಫೋಟೋದಲ್ಲಿ ಕಳೆಯ ನಡುವೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಕಾಲು ಮೇಲಾಗಿ ಸಿಕ್ಕಿಕೊಂಡಿತ್ತು. ಒಂದು ಕಾಲು ಮುರಿದಿತ್ತು. ಅಕ್ಕ ಅದನ್ನು ಎಲ್ಲೋ ನೋಡಿದ್ದೇನೆ ಅಂದುಕೊಂಡರು. ಮೂರನೇ ಗುಂಪಿನ ಫೋಟೋ ತೆಗೆದರು. ಕುರ್ಚಿ ಅಲ್ಲೂ ಇತ್ತು. ಎರಡನೆಯದರಲ್ಲೂ ಇತ್ತು. ಮೊದಲನೆಯದರಲ್ಲಿ ಮೇಷ್ಟ್ರ ಎಡಗಡೆ, ಸೀಟಿ ಊದುತ್ತಿರುವವರ ಪಕ್ಕದಲ್ಲೇ, ತೇಲುತ್ತಿತ್ತು.

ಇಪ್ಪತ್ತೇಳು ವರ್ಷ ಬಸ್ಸುಗಳ ಹಿಂದೆ ಮನಸ್ಸನ್ನು ಓಡಿಸಿದವರಿಗೆ ಇದು ಕಷ್ಟದ ಲೆಕ್ಕವಾಗಿರಲಿಲ್ಲ. ಯಾರೂ ಕಳೆ ತೆಗೆದಿರಲಿಲ್ಲ. ಕೋಲಿನಿಂದ ತಳ್ಳಿದ್ದರು. ತಳ್ಳಿದ ಕಳೆ ಮುಂದಿನ ಗುಂಪಿನ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು, ಅವರು ಅದನ್ನು ಅದರ ಮುಂದಿನವರಿಗೆ ತಳ್ಳುತ್ತಿದ್ದರು. ಕುರ್ಚಿ ವಾರಕ್ಕೊಂದು ನಿಲ್ದಾಣದಂತೆ ಕೆಳಗೆ ಪ್ರಯಾಣ ಮಾಡುತ್ತಿತ್ತು. ಅಕ್ಕ ಒಂದು ಚೀಟಿಯಲ್ಲಿ ಬರೆದಿಟ್ಟರು: ಐದನೇ ಗುಂಪು ಬರುವ ಭಾನುವಾರ, ಆರನೆಯದು ಅದರ ಮುಂದಿನ ಭಾನುವಾರ. ಖಾತ್ರಿಯಾಗಲೆಂದು ಒಂದು ವಾರ ಕಾದರು. ಐದನೇ ಗುಂಪಿನ ಫೋಟೋ ಬಂತು. ಕುರ್ಚಿ ಸಮಯಕ್ಕೆ ಸರಿಯಾಗಿ ಬಂದಿತ್ತು.

ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನಿರ್ದೇಶಕರನ್ನು ಕರೆದರು. ನಿರ್ದೇಶಕರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಐದು ಗುಂಪಲ್ಲೂ ಒಂದೇ ತರದ ಕುರ್ಚಿ ಇರಬಹುದಲ್ವಾ?"

"ಇರಬಹುದು ಸರ್. ಎಲ್ಲದಕ್ಕೂ ಅದೇ ಕಾಲು ಮುರಿದಿರಬೇಕಷ್ಟೆ."

ನಿರ್ದೇಶಕರು ಕುಸಿದು ಕೂತರು. ಆರು ಗುಂಪಿನ ಲೆಕ್ಕ ನೂರ ಅರವತ್ತೆಂಟು ಟನ್ ಮುಟ್ಟುತ್ತದೆಂದು ಅಂದಾಜು ಮಾಡಿ, ಅದನ್ನೇ ಹಣ ಕೊಡುವ ಮೇಲಿನ ಸಂಸ್ಥೆಗೆ ಆಗಲೇ ಬರೆದಿದ್ದರು. ಎರಡು ವಾರದಲ್ಲಿ ಅಲ್ಲಿಂದ ಪರಿವೀಕ್ಷಕರೊಬ್ಬರು ಬರುವವರಿದ್ದರು. ಏಳೂ ಗುಂಪುಗಳಿಗೆ ಪ್ರಮಾಣಪತ್ರ ಕೊಡುವ ಸಮಾರಂಭ ನಿಗದಿಯಾಗಿತ್ತು.

"ಒಂದೇ ಕಳೇನ ಆರು ಸಲ ತೆಗೆದ್ರೆ ಶ್ರಮ ಆರು ಪಟ್ಟು ಆಗುತ್ತಲ್ವೇನ್ರೀ?"

"ಶ್ರಮ ಆರು ಪಟ್ಟು ಸರ್. ಕಳೆ ಒಂದೇ."

"ಈಗ ಹೇಳಿದ್ರೆ ಗುಂಪುಗಳು ಒಡೆದುಹೋಗುತ್ತೆ. ಸಮಾರಂಭ ಒಂದು ಮುಗೀಲಿ, ಆಮೇಲೆ ನಿಧಾನವಾಗಿ ನೋಡೋಣ. ನೀವಾಗಿ ನೀವು ಯಾರಿಗೂ ಹೇಳ್ಬೇಡಿ."

"ನಾನಾಗಿ ಹೇಳಲ್ಲ. ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ ಬಿಡಿ," ಎಂದರು ನಿರ್ದೇಶಕರು.

ಆ ಎರಡು ವಾರ ಅಕ್ಕನಿಗೆ ಊಟ ಸೇರಲಿಲ್ಲ. ಸುಳ್ಳು ಹೇಳಿರಲಿಲ್ಲ, ಆದರೂ ಹೇಳಿದಂತೆಯೇ ಅನ್ನಿಸುತ್ತಿತ್ತು. ಬಾರದ ಬಸ್ಸಿಗೆ ಜನ ಸಾಲು ನಿಂತಿದ್ದರೆ ಕಿಟಕಿ ಮುಚ್ಚಿಕೊಂಡು ಕೂತ ಹಾಗೆ. ಗಂಡ ಎರಡು ದಿನ ನೋಡಿ ಮೂರನೇ ದಿನ, "ಹೊಟ್ಟೆ ಸರಿಯಿಲ್ವಾ?" ಎಂದರು. ಅಕ್ಕ ಕೇಳಿದ್ದಕ್ಕೆ ಉತ್ತರ ಕೊಟ್ಟರು: "ಹೊಟ್ಟೆ ಸರಿಯಿದೆ."

ಸಮಾರಂಭ ಒಂದು ಶನಿವಾರ ಮಧ್ಯಾಹ್ನ, ಗ್ರಂಥಾಲಯದ ಮೇಲಿನ ಹಾಲಿನಲ್ಲಿ ನಡೆಯಿತು. ಫ್ಯಾನುಗಳು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿದ್ದವು. ಪರಿವೀಕ್ಷಕರಾಗಿ ಬಂದಿದ್ದ ಹೆಂಗಸು ಮುಂದಿನ ಸಾಲಿನಲ್ಲಿ ಪುಟ್ಟ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಗುಂಪಿನ ಹೆಸರು, ತೆಗೆದ ಟನ್ನು ಕೂಗಿದ ಹಾಗೆ ಒಬ್ಬೊಬ್ಬರು ಬಂದು ಪ್ರಮಾಣಪತ್ರ ಪಡೆದರು. ಮೇಷ್ಟ್ರು ಹೆಜ್ಜೆ ಹಾಕುತ್ತ ಬಂದು, ಸೆಲ್ಯೂಟ್ ಹೊಡೆದು, ಎಡಕ್ಕೆ ತಿರುಗಿ ಹೋದರು. ಕೊನೆಗೆ ಏಳನೇ ಗುಂಪನ್ನು ಕೂಗಿದರು. ಅವರ ಮುಂದೆ ಸೊನ್ನೆ ಇತ್ತು. ಅವರ ಭಾನುವಾರ ಇನ್ನೂ ಬಂದಿರಲಿಲ್ಲ, ಮರುದಿನವಿತ್ತು.

ಏಳನೇ ಗುಂಪು ಎಂದರೆ ಲಾಂಡ್ರಿ ಹೆಂಗಸರು ಒಂಬತ್ತು ಜನ. ಹೊಳೆಯ ಕೊನೆಯಲ್ಲಿ ಹಳೆಯ ಸೇತುವೆಗೆ ಸ್ವಲ್ಪ ಮೊದಲು ಒಗೆಯುವ ಕಲ್ಲುಗಳಿದ್ದವು. ಆಸ್ಪತ್ರೆ, ಹೋಟೆಲುಗಳ ಬಟ್ಟೆಯನ್ನು ಅಲ್ಲೇ ಒಗೆದು ಒಣಗಿಸುತ್ತಿದ್ದರು. ಅವರ ಮುಖಂಡರನ್ನು ಎಲ್ಲರೂ ಇಸ್ತ್ರಿಯಮ್ಮ ಅನ್ನುತ್ತಿದ್ದರು. ದಪ್ಪ ತೋಳು, ಸಣ್ಣ ಧ್ವನಿ. ಇಸ್ತ್ರಿಯಮ್ಮ ವೇದಿಕೆಗೆ ಬಂದು ಪ್ರಮಾಣಪತ್ರವನ್ನು ಕೈಗೆ ತೆಗೆದುಕೊಳ್ಳದೆ ನಿಂತರು.

"ನಂದೊಂದು ಮಾತಿದೆ. ಇವರೆಲ್ಲ ಇಷ್ಟು ಟನ್ನು ತೆಗೆದಿದೀವಿ ಅಂತಾರೆ. ಎರಡು ವರ್ಷದಿಂದ ನಾವು ದಿನಾ ಬೆಳಗ್ಗೆ ಕೈಯಲ್ಲಿ ಕಿತ್ತು ಕಿತ್ತು ದಡಕ್ಕೆ ಹಾಕ್ತಾನೇ ಇದೀವಿ. ನಮ್ಮಲ್ಲಿ ಮಾತ್ರ ಕಳೆ ಹೆಚ್ಚಾಗ್ತಾನೇ ಇದೆ. ಅದೆಲ್ಲಿಂದ ಬರ್ತಿದೆ? ಯಾರಿಗಾದ್ರೂ ಗೊತ್ತಾ?"

ನಿರ್ದೇಶಕರು ಮೇಲಿನ ತೊಲೆ ನೋಡತೊಡಗಿದರು. ಇಸ್ತ್ರಿಯಮ್ಮ ಸುತ್ತ ನೋಡಿ, ಗೋಡೆಯ ಬದಿಗೆ ನಿಂತಿದ್ದ ಅಕ್ಕನ ಮೇಲೆ ಕಣ್ಣಿಟ್ಟರು.

"ಅಕ್ಕಾ, ನಿಮಗೆ ಗೊತ್ತಾ?"

ಅಕ್ಕನ ಮುಂದೆ ಅವತ್ತು ಮೇಜಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಗೊತ್ತು," ಎಂದರು. "ಮೇಲಿಂದ ಬರ್ತಿದೆ. ಆರೂ ಗುಂಪಿನವರು ಎತ್ತಿ ಹಾಕಿಲ್ಲ, ಕೆಳಗೆ ತಳ್ಳಿದಾರೆ. ಎಲ್ಲ ಒಂದೇ ಕಳೆ. ಅದರಲ್ಲೊಂದು ಕೆಂಪು ಕುರ್ಚಿ ಇದೆ. ನಾಳೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತೆ."

ಆಮೇಲೆ ಆದದ್ದನ್ನು ಗಲಾಟೆ ಎಂದು ಕರೆದರೆ ಸಾಕು. ನಾಲ್ಕನೆಯವರು ಮೂರನೆಯವರನ್ನು, ಮೂರನೆಯವರು ಎರಡನೆಯವರನ್ನು ತರಾಟೆಗೆ ತೆಗೆದುಕೊಂಡರು. ಮೊದಲನೆಯವರಿಗೆ ಬೈಯಲು ಮೇಲೆ ಯಾರೂ ಇರಲಿಲ್ಲ. ಮೇಷ್ಟ್ರು ಪ್ರಮಾಣಪತ್ರವನ್ನು ಕುರ್ಚಿಯ ಮೇಲಿಟ್ಟು, ಬಲಕ್ಕೆ ತಿರುಗಿ, ಬಾಗಿಲು ದಾಟಿ ಹೋಗಿಬಿಟ್ಟರು. ಪರಿವೀಕ್ಷಕರು ಪುಟ್ಟ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡರು. ತಟ್ಟೆಯಲ್ಲಿ ಜೋಡಿಸಿಟ್ಟ ಬಿಸ್ಕತ್ತನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಹನ್ನೊಂದು ಇಪ್ಪತ್ತಕ್ಕೆ ಅಕ್ಕನ ಫೋನು ಬಡಿದುಕೊಂಡಿತು. ಇಸ್ತ್ರಿಯಮ್ಮ.

"ಬಂತು ಕಣಕ್ಕಾ. ಇಪ್ಪತ್ತು ನಿಮಿಷ ಲೇಟು." ಆಮೇಲೆ, "ಮುರಿದ ಕಾಲಿಗೆ ಕಲ್ಲು ಕೊಟ್ಟು ಕೂತಿದೀನಿ. ಚೆನ್ನಾಗೇ ಇದೆ," ಎಂದರು.

ನಿರ್ದೇಶಕರು ಎರಡು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಂದು, ನೀವೇ ಕೆಡಿಸಿದ್ದು, ನೀವೇ ಸರಿಮಾಡಿ ಎಂದರು. ಅದು ನ್ಯಾಯವಾಗಿಯೇ ಇದೆ ಎಂದು ಅಕ್ಕನಿಗೂ ಅನ್ನಿಸಿತು. ಎಲ್ಲಿಂದ ಶುರುಮಾಡುವುದು ಎಂದು ಮಾತ್ರ ತಿಳಿಯಲಿಲ್ಲ. ಕಳೆ ಶುರುವಾಗುವ ಕಡೆಯಿಂದಲೇ ಆಗಲಿ ಎಂದು ಮೇಷ್ಟ್ರ ಮನೆಗೆ ಹೋದರು.

ಮೂರು ದಿನ ಮೇಷ್ಟ್ರು ಬಾಗಿಲಿಗೇ ಬರಲಿಲ್ಲ. "ಮಲಗಿದಾರೆ" ಎಂದು ಹೆಂಡತಿ ಹೇಳುತ್ತಿದ್ದರೆ ಒಳಗಿನಿಂದ ಅವರು ಕೆಮ್ಮುವುದು ಕೇಳಿಸುತ್ತಿತ್ತು. ನಾಲ್ಕನೇ ದಿನ ಆಯಮ್ಮನಿಗೇ ಬೇಜಾರಾಗಿ ಬಾಗಿಲು ಪೂರ್ತಿ ತೆರೆದರು.

"ಒಳಗೆ ಬನ್ನಿ. ಅವರಿಗೆ ನಿಮ್ಮ ಮೇಲೆ ಸಿಟ್ಟಲ್ಲ, ಆ ಕುರ್ಚಿ ಮೇಲೆ. ಅದು ನಮ್ಮನೇದೇ. ಕಾಲು ಮುರೀತು ಅಂತ ಇವರೇ ತಗೊಂಡೋಗಿ ಹೊಳೇಲಿ ಬಿಟ್ಟು ಬಂದ್ರು."

ಒಳಗಿನ ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಹೊರಗೆ ಬಂದರು. ಮುಖ ಕುರ್ಚಿಯ ಬಣ್ಣಕ್ಕೆ ತಿರುಗಿತ್ತು.

"ದಡದಲ್ಲಿ ಇಟ್ಟಿದ್ದೆ. ಬಿಟ್ಟಿರಲಿಲ್ಲ," ಎಂದರು.

"ಸರಿ ಮೇಷ್ಟ್ರೇ," ಎಂದರು ಅಕ್ಕ.

ಆ ಒಂದು 'ಸರಿ'ಗೆ ಮೇಷ್ಟ್ರು ಮೆತ್ತಗಾದರು. ಬೈಸಿಕೊಳ್ಳಲು ನಾಲ್ಕು ದಿನದಿಂದ ತಯಾರಾಗಿದ್ದರು, ಬೈಗುಳವೇ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ತೋರಿಸ್ತೀನಿ," ಎಂದು ಹೊಳೆಗೆ ಕರೆದುಕೊಂಡು ಹೋದರು. ಅಲ್ಲಿ ದಡವೇ ಇರಲಿಲ್ಲ. ಎರಡೂ ಕಡೆ ಎರಡಾಳೆತ್ತರದ ಕಲ್ಲಿನ ಗೋಡೆ. ಕೆಳಗಿಳಿಯಲು ಒಂದೇ ಒಂದು ಕಬ್ಬಿಣದ ಏಣಿ, ಅದಕ್ಕೂ ಮೂರು ಮೆಟ್ಟಿಲಿಲ್ಲ. ನೀರಿನ ಮೇಲೆ ಕಳೆ ಆಗಲೇ ಮತ್ತೆ ಹಬ್ಬುತ್ತಿತ್ತು.

"ನಮ್ಮ ಗುಂಪಲ್ಲಿ ಎಲ್ಲಕ್ಕಿಂತ ಚಿಕ್ಕವನಿಗೆ ಅರವತ್ತಮೂರು. ಮಂಡಿ ಇರೋವ್ರು ನಾಲ್ಕೇ ಜನ. ನೀರು ಕುಡಿದ ಕಳೆ ಒಂದು ಹೊರೆ ಎತ್ತೋಕೆ ಇಬ್ಬರು ಬೇಕು. ಈ ಗೋಡೆ ಮೇಲಕ್ಕೆ ಯಾರು ಎಳೀತಾರೆ? ಏನ್ಮಾಡ್ಬೇಕಿತ್ತು ಹೇಳಿ?"

"ಗೊತ್ತಿಲ್ಲ," ಎಂದರು ಅಕ್ಕ. "ನೀವು ಕೆಳಗಿನ ಗುಂಪುಗಳ ಜಾಗ ನೋಡಿದೀರಾ?"

ಮೇಷ್ಟ್ರು ನೋಡಿರಲಿಲ್ಲ. ಹದಿನೆಂಟು ವರ್ಷದಿಂದ ದಿನಾ ಬೆಳಗ್ಗೆ ಐದು ಕಿಲೋಮೀಟರ್ ನಡೆಯುತ್ತಿದ್ದರು. ಎಲ್ಲವನ್ನೂ ಅದೇ ಇನ್ನೂರು ಗಜದೊಳಗೆ ಹೋಗುತ್ತ ಬರುತ್ತ ನಡೆದಿದ್ದರು. ಆ ವಾರ ಅಕ್ಕ ಮತ್ತು ಮೇಷ್ಟ್ರು ಹೊಳೆಯ ಪಕ್ಕದಲ್ಲೇ, ದಾರಿ ಇದ್ದ ಕಡೆ ದಾರಿಯಲ್ಲಿ, ಇಲ್ಲದ ಕಡೆ ಬೇಲಿ ಹಾರಿ, ಒಂಬತ್ತೂ ಕಿಲೋಮೀಟರ್ ನಡೆದರು. ಬೇಲಿ ಹಾರಿದ್ದು ಮೇಷ್ಟ್ರು. ಅಕ್ಕ ಬೇಲಿಯ ತುದಿ ಹುಡುಕಿ ಸುತ್ತಿಕೊಂಡು ಬಂದರು. ಕಳೆಯನ್ನು ಮೇಲಕ್ಕೆ ಎಳೆದು ಹಾಕುವಂತಿದ್ದ ಜಾಗಗಳು ಎರಡೇ ಸಿಕ್ಕವು. ಒಂದು ನಾಲ್ಕನೇ ಗುಂಪಿನದು, ಸಸಿ ಬೆಳೆಸಿ ಮಾರುವ ನರ್ಸರಿಯವನ ಹಿತ್ತಿಲು. ಅಲ್ಲಿ ನೆಲ ಇಳಿಜಾರಾಗಿ ನೀರಿಗೆ ಸೇರುತ್ತಿತ್ತು. ಇನ್ನೊಂದು ಇಸ್ತ್ರಿಯಮ್ಮನ ಒಗೆಯುವ ಕಲ್ಲುಗಳು.

ನರ್ಸರಿಯವನು ಮಾತು ಕಡಿಮೆ, ಅನುಮಾನ ಜಾಸ್ತಿ ಎನ್ನುವ ಜಾತಿಯ ಮನುಷ್ಯ.

"ನಾಲ್ಕು ಗುಂಪಿನ ಕಳೆ ತಂದು ನನ್ನ ಹಿತ್ತಿಲಿಗೆ ಹಾಕ್ತೀರಾ? ನಾರಲ್ವಾ?"

"ನಾರುತ್ತೆ," ಎಂದರು ಅಕ್ಕ. "ಹದಿನೈದು ದಿನ ಚೆನ್ನಾಗಿ ನಾರುತ್ತೆ."

"ಆಮೇಲೆ?"

"ಗೊಬ್ಬರ ಆಗುತ್ತಂತೆ. ನಾನು ನೋಡಿಲ್ಲ."

ನರ್ಸರಿಯವನು ಅಕ್ಕನ ಮುಖವನ್ನೇ ದಿಟ್ಟಿಸಿ ನೋಡಿದನು. ಅವನ ಹತ್ತಿರ ಈ ಮೊದಲು ಬಂದವರೆಲ್ಲ ಸುಗಂಧ ಬರುತ್ತದೆ ಎನ್ನುವ ಹಾಗೆ ಮಾತಾಡಿದ್ದರು. "ಗಾಳಿ ಆ ಕಡೆ ಬೀಸೋ ತಿಂಗಳಲ್ಲಿ ಮಾಡಿ," ಎಂದು ಒಪ್ಪಿಕೊಂಡನು.

ಅಕ್ಕನಿಗೆ ಈಗ ಕೈ ಪಳಗಿದ ಕೆಲಸ ಸಿಕ್ಕಿತು. ಹಾಳೆ, ಅಡಿಪಟ್ಟಿ ಹಿಡಿದು ವೇಳಾಪಟ್ಟಿ ಬರೆಯಲು ಕೂತರು. ಮೇಲಿನ ಮೂರು ಗುಂಪುಗಳು ಒಂದೇ ದಿನ, ಒಂದರ ಹಿಂದೆ ಒಂದು, ಕಳೆಯನ್ನು ತಳ್ಳಬೇಕು. ನರ್ಸರಿಯ ಹತ್ತಿರ ಹೊಳೆಗೆ ಅಡ್ಡವಾಗಿ ಹಗ್ಗ ಕಟ್ಟಿ, ಅದಕ್ಕೆ ಖಾಲಿ ಎಣ್ಣೆ ಡಬ್ಬಗಳನ್ನು ತೂಗಿಬಿಟ್ಟು ತಡೆಯಬೇಕು. ಅಲ್ಲಿ ಎಲ್ಲ ಗುಂಪಿನವರೂ ಸೇರಿ ಎಳೆಯಬೇಕು. ಅದು ಮುಗಿದ ಮೇಲೆ ಎಲ್ಲರೂ ಕೆಳಗೆ ಒಗೆಯುವ ಕಲ್ಲುಗಳ ಹತ್ತಿರ ಹೋಗಬೇಕು. ಮೊದಲ ಗುಂಪು ಏಳು ಗಂಟೆಗೆ ಹೊರಡುವುದು, ಕಳೆ ನರ್ಸರಿ ತಲುಪುವುದು ಹತ್ತೂ ಕಾಲಿಗೆ. ಗಂಡ ಇಣುಕಿ ನೋಡಿ, "ಹತ್ತೂ ಕಾಲಿಗೇ ಯಾಕೆ?" ಎಂದರು.

"ಹತ್ತಕ್ಕೆ ಅಂದ್ರೆ ಯಾರೂ ನಂಬಲ್ಲ."

ಪ್ರತಿ ಗುಂಪಿಗೂ ಹೋಗಿ ಹೇಳಬೇಕಾಯಿತು. ಎಲ್ಲ ಕಡೆ ಮೊದಲು ಅರ್ಧ ಗಂಟೆ ಬೈಗುಳ ಕೇಳಿಸಿಕೊಂಡು, ಆಮೇಲೆ ಐದು ನಿಮಿಷ ವೇಳಾಪಟ್ಟಿ ತೋರಿಸಿದರು. ಬೈಗುಳಕ್ಕೂ ಸಮಯ ಇಟ್ಟುಕೊಂಡೇ ಹೋಗುತ್ತಿದ್ದರಿಂದ ಎಲ್ಲೂ ತಡವಾಗಲಿಲ್ಲ.

ಗೊತ್ತುಮಾಡಿದ ಭಾನುವಾರ ಕಳೆ ನರ್ಸರಿ ತಲುಪಿದ್ದು ಹನ್ನೆರಡೂ ನಲವತ್ತಕ್ಕೆ. ಎರಡನೇ ಗುಂಪಿನ ಕಳೆ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೂರನೇ ಗುಂಪಿನವರು ಅದಕ್ಕೆ ಕಾಯದೆ ತಮ್ಮದನ್ನು ಬಿಟ್ಟುಬಿಟ್ಟರು. ಹಗ್ಗ ಒಂದು ಸಲ ಹರಿದು ಡಬ್ಬಗಳು ಢಣಢಣ ಎನ್ನುತ್ತ ಕೆಳಗೆ ಹೋದವು. ಅಕ್ಕ ದಡದಲ್ಲಿ ನಿಂತು ಒಂದೊಂದೇ ಫೋನಿಗೆ ಉತ್ತರ ಕೊಟ್ಟರು. "ಎರಡನೆಯದು ತಿರುವಲ್ಲಿದೆ. ಲೇಟಾಗುತ್ತೆ. ನೀವು ಟೀ ಕುಡೀರಿ." "ಇಲ್ಲ, ರದ್ದಾಗಿಲ್ಲ. ಬರ್ತಿದೆ." ಅವರ ಧ್ವನಿ ಒಂದು ಎಳೆಯೂ ಏರಲಿಲ್ಲ. ಅದನ್ನು ಕೇಳಿದವರಿಗೆ ಇದೆಲ್ಲ ಹೀಗೇ ಆಗಬೇಕಿತ್ತೇನೋ ಅನ್ನಿಸಿ, ಯಾರೂ ಮನೆಗೆ ಹೋಗಲಿಲ್ಲ.

ಕೆಲಸ ಒಂದು ಭಾನುವಾರಕ್ಕೆ ಮುಗಿಯಲಿಲ್ಲ, ಮೂರು ಹಿಡಿಯಿತು. ಕೊನೆಯ ಭಾನುವಾರ ಏಳೂ ಗುಂಪಿನವರು ಒಗೆಯುವ ಕಲ್ಲುಗಳ ಹತ್ತಿರ ಸೇರಿದರು. ಮೇಷ್ಟ್ರು ಸೀಟಿ ಊದಿ ಎಲ್ಲರನ್ನೂ ಸಾಲು ನಿಲ್ಲಿಸಲು ಹೊರಟರು.

"ಮೇಷ್ಟ್ರೇ, ಸಾಲು ನಿಂತ್ರೆ ಇಲ್ಲಿ ಜಾರಿ ಬೀಳ್ತಾರೆ," ಎಂದರು ಇಸ್ತ್ರಿಯಮ್ಮ. "ನಾನು ಹೇಳ್ದಂಗೆ ನಿಂತ್ಕೊಳ್ಳಿ. ನೀವು ಆ ಚಪ್ಪಟೆ ಕಲ್ಲು. ಕಾಲು ಅಗಲ ಮಾಡಿ. ಸೊಂಟದಿಂದ ಎತ್ತಬೇಡಿ, ತೊಡೆಯಿಂದ ಎತ್ತಿ."

ಮೂವತ್ತೈದು ವರ್ಷ ಬೇರೆಯವರಿಗೆ ಇದನ್ನೇ ಹೇಳಿಕೊಟ್ಟಿದ್ದ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಚಪ್ಪಟೆ ಕಲ್ಲಿನ ಮೇಲೆ ಕಾಲು ಅಗಲಿಸಿ ನಿಂತರು. ಮಧ್ಯಾಹ್ನದವರೆಗೆ ಎತ್ತಿದರು. ನಡುವೆ ಒಂದು ಸಲ ಇಸ್ತ್ರಿಯಮ್ಮನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಏನೆಂದು ಅಕ್ಕನಿಗೆ ಕೇಳಿಸಲಿಲ್ಲ. ಇಸ್ತ್ರಿಯಮ್ಮ ಮಾತ್ರ ದೊಡ್ಡದಾಗಿಯೇ ಉತ್ತರ ಕೊಟ್ಟರು: "ಆಯ್ತು ಬಿಡಿ, ಎತ್ತಿ ಎತ್ತಿ."

ಅಕ್ಕ ಪಟ್ಟಿ ಹಿಡಿದು ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಾಟಲು ಹೋಗಿ ಜಾರಿ, ಮಂಡಿಯುದ್ದ ನೀರಿನಲ್ಲಿ ನಿಂತರು. ವರ್ಷವಿಡೀ ಈ ಹೊಳೆಯ ಕೆಲಸ ಮಾಡಿದ್ದರೂ ಅದನ್ನು ಮುಟ್ಟಿದ್ದು ಅದೇ ಮೊದಲು. ನೀರು ತಣ್ಣಗಿರುತ್ತದೆ ಅಂದುಕೊಂಡಿದ್ದರು, ಬೆಚ್ಚಗಿತ್ತು. ಕಾಲ ಬೆರಳುಗಳ ನಡುವೆ ಏನೋ ಸಣ್ಣದು ಸರಿದುಹೋಯಿತು. ಮೇಲೆ ಬನ್ನಿ ಎಂದು ಎಲ್ಲರೂ ಕೈ ಚಾಚಿದರು. "ಇರಲಿ, ಸ್ವಲ್ಪ ಹೊತ್ತು," ಎಂದು ಅಲ್ಲೇ ನಿಂತುಕೊಂಡು ಪಟ್ಟಿ ಓದಿದರು.

ನರ್ಸರಿಯವನು ತನ್ನ ತಕ್ಕಡಿಯಲ್ಲಿ ತೂಗಿ ತೂಗಿ ಲೆಕ್ಕ ಹೇಳಿದನು. ಎರಡೂ ಕಡೆ ಸೇರಿ ಇಪ್ಪತ್ತಾರು ಟನ್. ನಿರ್ದೇಶಕರು ಹಳೆಯ ನೂರ ಅರವತ್ತೆಂಟನ್ನು ಹೊಡೆದುಹಾಕಿ, ಇದನ್ನು ಬರೆದು, ಕಾರಣ ವಿವರಿಸಿ ಎರಡು ಪುಟದ ಕಾಗದ ಕಳಿಸಿದರು. ಪರಿವೀಕ್ಷಕರಿಂದ ಒಂದು ಸಾಲಿನ ಉತ್ತರ ಬಂತು: 'ನಿಮ್ಮ ವರದಿಯಲ್ಲಿ ನನಗೆ ಅರ್ಥವಾದ ಮೊದಲ ಸಂಖ್ಯೆ ಇದು, ಮುಂದುವರಿಸಿ.' ನಿರ್ದೇಶಕರು ಅದಕ್ಕೆ ಚೌಕಟ್ಟು ಹಾಕಿಸುವುದೋ ಬೇಡವೋ ಎಂದು ಒಂದು ವಾರ ಯೋಚಿಸಿ ಬಿಟ್ಟರು.

ಹೊಳೆ ಕನ್ನಡಿಯಂತೇನೂ ಆಗಲಿಲ್ಲ. ಮೊದಲ ಗುಂಪಿನ ಹತ್ತಿರ ಬಡಾವಣೆಯ ಚರಂಡಿಯೊಂದು ಬಂದು ಸೇರುತ್ತದೆ. ಅದು ಇರುವವರೆಗೂ ಕಳೆ ಬೆಳೆಯುತ್ತಲೇ ಇರುತ್ತದೆ. ಅದರ ಬಗ್ಗೆ ಬರೆದ ಕಾಗದಗಳಿಗೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಮೂರು ಸಲ ಬಂದಿದೆ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಏಳೂ ಗುಂಪು ಸೇರಿ ಎಳೆಯುತ್ತವೆ. ಒಗೆಯುವ ಕಲ್ಲುಗಳ ಮುಂದೆ ನೀರು ಕಾಣುತ್ತದೆ. ನರ್ಸರಿಯ ಹಿತ್ತಿಲು ಹದಿನೈದಲ್ಲ, ಇಪ್ಪತ್ತೆರಡು ದಿನ ನಾತ ಹೊಡೆಯಿತು. ಆಮೇಲೆ ನಿಜವಾಗಿಯೂ ಗೊಬ್ಬರವಾಯಿತು.

ಎರಡನೇ ವರ್ಷದ ನಡುವೆ ಅಕ್ಕನ ಫೋನು ಬಡಿದುಕೊಳ್ಳುವುದು ಕಡಿಮೆಯಾಯಿತು. ಮೊದಲು ಫೋನೇ ಕೆಟ್ಟಿದೆ ಅಂದುಕೊಂಡು ಗಂಡನಿಗೆ ತೋರಿಸಿದರು. ಆಮೇಲೆ ಇಸ್ತ್ರಿಯಮ್ಮ ಮಾತಿನ ನಡುವೆ ಹೇಳಿದರು: ಕೊಕ್ಕೆ ಬೇಕಾದರೆ ಮೂರನೆಯವರು ನೇರ ಮೇಷ್ಟ್ರಿಗೇ ಫೋನ್ ಮಾಡುತ್ತಾರೆ, ಹೋದ ತಿಂಗಳು ಎಲ್ಲರೂ ನರ್ಸರಿಯಲ್ಲಿ ಸಭೆಯನ್ನೂ ಸೇರಿದ್ದರು.

"ನಿಮಗೆ ಹೇಳೋದೇ ಮರೆತೋಯ್ತು ಕಣಕ್ಕಾ," ಎಂದರು.

ಅಕ್ಕನಿಗೆ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಮೂರನೇ ದಿನ ನಿರ್ದೇಶಕರ ಕೋಣೆಗೆ ಹೋಗಿ, ಹೊಳೆಯಲ್ಲಿ ತಮ್ಮ ಕೆಲಸ ಮುಗಿದಂತಿದೆ ಎಂದು ತಾವೇ ಹೇಳಿದರು. ನಿರ್ದೇಶಕರು ಗೋಡೆಯ ನಕ್ಷೆಯ ಇನ್ನೊಂದು ಮೂಲೆ ತೋರಿಸಿದರು. ಅಲ್ಲೊಂದು ಹಳ್ಳವಿತ್ತು. ಗುಂಪು ಒಂದೂ ಇಲ್ಲ, ದೂರುಗಳು ಮಾತ್ರ ಇವೆ ಎಂದರು.

ಮುಂದಿನ ಸೋಮವಾರ ಬೆಳಗ್ಗೆ ಅಕ್ಕ ಆ ಹಳ್ಳದ ಬದಿಯ ಬೀದಿಯಲ್ಲಿ ಮೊದಲ ಮನೆಯ ಬಾಗಿಲು ಬಡಿದರು. ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡ ಒಬ್ಬರು, ಗಡ್ಡ ಹೆರೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರು, ಬಾಗಿಲು ತೆರೆದರು.

"ಯಾರು ಬೇಕಿತ್ತು?"

"ಗೊತ್ತಿಲ್ಲ," ಎಂದರು ಅಕ್ಕ. "ಈ ಬೀದಿಯಲ್ಲಿ ಹಳ್ಳದ ಬಗ್ಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಯಾರಿಗಿದೆ?"

ಆತ ಒಂದು ಕ್ಷಣ ಯೋಚಿಸಿ, ನೊರೆಯನ್ನು ಬೆರಳಿನಿಂದ ಬಾಯಿಯಿಂದಾಚೆ ಸರಿಸಿ, ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು.